ಅವರೆ ಹುಳುವೂ ಅತ್ತಿಗೆಯ ಹುಳುಮನೆಯೂ

ಬೀಗ ಹಾಕಿದ ಮೇಲೆ ಅದನ್ನು ಎಳೆದು ನೋಡುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಾನು ಎಳೆದು ನೋಡಿ, ಗೇಟಿನವರೆಗೆ ಹೋಗಿ, ಎಳೆದದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನ ಬಂದು, ಹಿಂದಿರುಗಿ ಮತ್ತೆ ಎಳೆಯುವವನು. ಹೀಗೆ ಎಳೆದೆಳೆದು ನಮ್ಮ ಮುಂಬಾಗಿಲ ಚಿಲಕ ಒಂದು ಬೆಳಿಗ್ಗೆ ಬೀಗದ ಸಮೇತ ಕೈಗೆ ಬಂತು. ಕಳ್ಳರು ಬಂದಿದ್ದರೂ ಇಷ್ಟು ಅಚ್ಚುಕಟ್ಟಾಗಿ ಕೀಳುತ್ತಿರಲಿಲ್ಲ ಎಂದು ಬಡಗಿ ಮೆಚ್ಚಿಕೊಂಡ. ಯಳಂದೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಅಲ್ಲಿಯೂ ಇದೇ ಕಥೆ. ಟಪಾಲಿನ ಲಕೋಟೆ ಅಂಟಿಸಿದ ಮೇಲೆ, ಕಾಗದ ಒಳಗಿದೆಯೋ ಮೇಜಿನ ಮೇಲೇ ಉಳಿಯಿತೋ ಎಂದು ಬಿಚ್ಚಿ ನೋಡಿ, ಮತ್ತೆ ಅಂಟಿಸಿ, ಅಂಟು ಸಾಲದೆಂದು ಇನ್ನಷ್ಟು ಬಳಿಯುತ್ತೇನೆ. “ಗುರುಸ್ವಾಮಿ ಅಂಟ್ಸಿದ ಕವರು ಬಿಚ್ಚಕ್ಕೆ ಮಚ್ಚು ಬೇಕು ಕಣ್ರಿ” ಎಂದು ನಮ್ಮ ಸೂಪರಿಂಟೆಂಡೆಂಟರು ಹೊಸಬರಿಗೆಲ್ಲ ಹೇಳುತ್ತಾರೆ. ನನ್ನದು ಸಾವು ನೋವುಗಳಂಥ ದೊಡ್ಡ ಭಯಗಳಲ್ಲ. ಕೆಟ್ಟದ್ದು ಆಗುವುದಿದ್ದರೆ ಆಗಲಿ, ಆದರೆ ಅದು ನನ್ನ ಕೈಯಿಂದ ಆಗಬಾರದು, ಅಷ್ಟೆ. ಈ ಭಯದಿಂದ ನಾನು ಎಷ್ಟೋ ಅನಾಹುತಗಳನ್ನು ತಪ್ಪಿಸಿದ್ದೇನೆ ಎಂದುಕೊಂಡಿದ್ದೆ. ಒಂದು ಅನಾಹುತವನ್ನು ಮಾಡಿಯೇ ಬಿಡುತ್ತಿದ್ದ ಸಂಗತಿಯನ್ನು ಈಗ ಹೇಳುತ್ತೇನೆ.

ನಮ್ಮದು ಮಧುವನಹಳ್ಳಿ. ಹಳೆಯ ಮನೆಯನ್ನು ಅಣ್ಣನೂ ನಾನೂ ಪಾಲು ಮಾಡಿಕೊಂಡಾಗ ಹಿತ್ತಿಲಿಗೆ ಭುಜದೆತ್ತರದ ಗೋಡೆಯೊಂದು ಬಂತು. ಗೋಡೆಯ ಈಚೆಗೆ ನನ್ನ ಅವರೆ ಚಪ್ಪರ. ಆಚೆಗೆ ಮಹದೇವಮ್ಮ ಅತ್ತಿಗೆಯ ಹುಳುಮನೆ, ಅದರ ಹಿಂದೆ ಹಿಪ್ಪುನೇರಳೆ ತೋಟ. ಹುಳುಮನೆಯೆಂದರೆ ರೇಷ್ಮೆ ಹುಳು ಸಾಕುವ ಶೆಡ್ಡು. ಅದು ಅತ್ತಿಗೆಯ ರಾಜ್ಯ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನ ತಟ್ಟೆ ಇಟ್ಟಿರುತ್ತಾರೆ. ಅದರಲ್ಲಿ ಕಾಲಿಡದೆ ಒಳಗೆ ಹೋಗುವ ಹಕ್ಕು ಅಣ್ಣನಿಗೂ ಇಲ್ಲ. ಬೀಡಿ, ನಶ್ಯ, ಪೌಡರು, ಊದುಬತ್ತಿ, ಸೊಳ್ಳೆ ಬತ್ತಿ, ಇವುಗಳ ವಾಸನೆ ಹೊತ್ತವರು ಗೋಡೆಯಾಚೆಯಿಂದಲೇ ಮಾತಾಡಬೇಕು. ಹುಳು ಕೊನೆಯ ಹಂತಕ್ಕೆ ಬಂದರೆ ನಮ್ಮ ಅಡುಗೆಮನೆಯಲ್ಲೂ ಮೆಣಸಿನಕಾಯಿ ಒಗ್ಗರಣೆ ನಿಲ್ಲುತ್ತದೆ, ಗಾಳಿ ಆ ಕಡೆಗೇ ಬೀಸುವುದರಿಂದ. ಹುಳು ಗೂಡು ಕಟ್ಟಿದ ದಿನ ನನ್ನ ಹೆಂಡತಿ ಮಂಜುಳ ಅಷ್ಟೂ ದಿನದ ಒಗ್ಗರಣೆಯನ್ನು ಒಂದೇ ಸಾರಿಗೆ ಹಾಕುತ್ತಾಳೆ. ನಾವು ಕೆಮ್ಮುತ್ತ ಊಟ ಮಾಡುತ್ತೇವೆ.

ಇಲ್ಲಿ ಜ್ವರದ ವಿಷಯ ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಕೂತು, ಹಳೆಯ ಚರ್ಮ ಕಳಚಿ ಏಳುತ್ತದೆ. ಇದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ರೋಗವೇನಲ್ಲ, ಎದ್ದ ಹುಳು ಮೊದಲಿಗಿಂತ ಹೆಚ್ಚು ತಿನ್ನುತ್ತದೆ. ನಾಲ್ಕನೇ ಜ್ವರ ಎದ್ದ ಹುಳುವಂತೂ ತಿನ್ನುವುದಕ್ಕೇ ಹುಟ್ಟಿದಂತೆ ತಿನ್ನುತ್ತದೆ. ಹುಳುವಿನ ಜತೆಗೇ ಬದುಕಿದ ಜನವಾದ್ದರಿಂದ ನಮಗೆ ಸುಮ್ಮನೆ ಕೂತದ್ದೆಲ್ಲ ಜ್ವರಕ್ಕೆ ಕೂತಂತೆಯೇ ಕಾಣುತ್ತದೆ. ಮದುವೆ ಮನೆಯಲ್ಲಿ ಮುನಿಸಿಕೊಂಡು ಮೂಲೆ ಹಿಡಿದ ಸೋದರಮಾವ ಜ್ವರಕ್ಕೆ ಕೂತಿರುತ್ತಾನೆ. ಹನೂರಿನ ರಸ್ತೆಯಲ್ಲಿ ಕೆಟ್ಟು ನಿಂತ ಬಸ್ಸು ಜ್ವರಕ್ಕೆ ಕೂತಿರುತ್ತದೆ. ನನ್ನ ಮೇಜಿನ ಮೇಲಿನ ಕೆಲವು ಕಡತಗಳೂ ಹಾಗೆಯೇ, ಆದರೆ ಅವು ಎದ್ದದ್ದನ್ನು ನಾನು ಕಂಡಿಲ್ಲ.

ಆ ವರ್ಷ ಅತ್ತಿಗೆಯ ಹಿಂದಿನ ಎರಡು ಬೆಳೆ ಹಾಳಾಗಿದ್ದವು. ಎರಡು ಸಲವೂ ಹಾಲುತೊಂಡೆ ರೋಗ. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವ ಹುಳು ಊದಿಕೊಂಡು, ಒಡೆದು, ಹಾಲಿನಂಥ ನೀರು ಬಿಟ್ಟು ಸತ್ತಿತ್ತು. ಎರಡನೇ ಸಲ ಹುಳುವನ್ನು ಗುಂಡಿಗೆ ಸುರಿದು ಬಂದ ಅಣ್ಣ, ಜಗಲಿಯ ಮೇಲೆ ಕೂತು, “ಇನ್ನೊಂದು ಬೆಳೆ ನೋಡ್ತೀನಿ. ಅದೂ ಓಯ್ತು ಅಂದ್ರೆ ಕಡ್ಡಿ ಎಲ್ಲ ಕಿತ್ತಾಕಿ ಅರಿಶಿಣ ಆಕ್ಬುಡ್ತೀನಿ” ಎಂದ. ಅಣ್ಣ ಆಡಿದರೆ ಮಾಡುವವನು. ಆ ಹಿಪ್ಪುನೇರಳೆ ಕಡ್ಡಿಗಳನ್ನು ಅತ್ತಿಗೆಯೇ ಮದುವೆಯಾಗಿ ಬಂದ ಹೊಸತರಲ್ಲಿ ನೆಟ್ಟಿದ್ದರು. ಸುಣ್ಣ ಕಲಸಿಕೊಂಡು ಹೋಗಿ ಹುಳುಮನೆಯ ಗೋಡೆಗೆ ಬಳಿಯತೊಡಗಿದರು. ಅದಾದ ಮೇಲೆ ತಂದ ಹುಳುವೇ ಈ ಕೊನೆಯ ಬೆಳೆ. ಆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ಹುಳುವಿಗೆ ಕಿವಿ ಇದ್ದ ಹಾಗೆ.

ಹುಳು ಎರಡನೇ ಜ್ವರ ಎದ್ದ ವಾರದಲ್ಲಿ ನಾನು ತಮಿಳುನಾಡಿನ ಗಡಿಯ ಮಾರ್ಟಳ್ಳಿಗೆ ಹೋಗಿದ್ದೆ. ನನ್ನ ತಂಗಿ ರಾಜಮ್ಮನ ಗಂಡ ಅಲ್ಲಿ ಮೇಷ್ಟ್ರು. ವಾಪಸು ಹೊರಟಾಗ ಅವರ ಪಕ್ಕದ ಮನೆಯಾಕೆ ಕಾಯಿ ಸಮೇತ ಕಿತ್ತ ತೊಗರಿ ಗಿಡದ ಒಂದು ಹೊರೆಯನ್ನೂ ಒಂದು ಚೀಲ ಅವರೆಕಾಯನ್ನೂ ತಂದು ಮುಂದಿಟ್ಟರು. ಅವರು ಅವರೆಗೆ ಮೊಚ್ಚೆ ಎನ್ನುತ್ತಾರೆ. “ಮೊಚ್ಚೆ ನಲ್ಲಾ ಇದೆ ಸಾರ್, ತಕ್ಕೊಂಡ್ ಪೋಂಗೋ” ಎಂದರು. ಬೇಡವೆನ್ನಲು ತಮಿಳಾಗಲಿ ಕನ್ನಡವಾಗಲಿ ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ಹೊರೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ, ಮನೆಗೆ ತಂದು ಹಿತ್ತಿಲ ಗೋಡೆಯ ಮೇಲೆ, ಚಪ್ಪರಕ್ಕೆ ಒರಗಿಸಿ ಇಟ್ಟೆ. ಮಂಜುಳ ಕಾಯಿ ಬಿಡಿಸಿ ಉಪ್ಪು ಹಾಕಿ ಬೇಯಿಸಿದಳು. ಕಾಯಿ ಬಿಡಿಸಿದ ಗಿಡ ಕೆಲವು ದಿನ ಗೋಡೆಯ ಮೇಲೆಯೇ ಉಳಿಯಿತು. ನಾನು ಇಟ್ಟದ್ದು ಅಲ್ಲಿ. ಆ ಜಾಗವನ್ನು ಆಮೇಲೆ ಎಷ್ಟೋ ಸಲ ಹೋಗಿ ನೋಡಿದ್ದೇನೆ.

ಮೊದಲ ಪತಂಗವನ್ನು ಕಂಡದ್ದು ಬಚ್ಚಲ ಗೋಡೆಯ ಮೇಲೆ, ಹಲ್ಲುಜ್ಜುವಾಗ. ಪತಂಗವೆಂದು ಆಗ ತಿಳಿಯಲಿಲ್ಲ. ಪೊರಕೆ ಕಡ್ಡಿಯ ಎರಡು ತುಂಡನ್ನು ಯಾರೋ ಅಡ್ಡಕ್ಕೂ ಉದ್ದಕ್ಕೂ ಜೋಡಿಸಿ ಸುಣ್ಣಕ್ಕೆ ಅಂಟಿಸಿದಂತಿತ್ತು. ಒಣಹುಲ್ಲಿನ ಬಣ್ಣ. ಅಡ್ಡಕಡ್ಡಿ ರೆಕ್ಕೆ, ಉದ್ದಕಡ್ಡಿ ಮೈ. ಕಾಲುಗಳು ಸೊಳ್ಳೆಯ ಕಾಲಿಗಿಂತ ಉದ್ದ, ಅದರಲ್ಲಿ ಅಲ್ಲಲ್ಲಿ ಮುಳ್ಳು. ಮಂಜುಳನನ್ನು ಕರೆದೆ. ಅವಳು ಸೌಟು ಹಿಡಿದುಕೊಂಡೇ ಬಂದು ನೋಡಿ, “ಇದ್ಯಾಕ್ರೀ ಇಂಗದೆ, ಆಂಟೆನಾ ಥರ?” ಎಂದಳು. ನಾನು ಊದಿದೆ. ಅಡ್ಡಕಡ್ಡಿ ಒಮ್ಮೆಲೇ ಬಿಚ್ಚಿಕೊಂಡಿತು. ಒಂದೊಂದು ರೆಕ್ಕೆಯೂ ಸೀಳಿ, ಸೀಳಿನ ಅಂಚಿಗೆಲ್ಲ ನವಿರಾದ ಕುಚ್ಚು, ಹಕ್ಕಿಯ ಪುಕ್ಕ ಕತ್ತರಿಸಿ ಹೊಲಿದ ಹಾಗೆ. ಅದು ಹಾರಿತು ಎನ್ನುವುದಕ್ಕಿಂತ ಗಾಳಿಯಲ್ಲಿ ತೇಲಿತು ಎನ್ನಬೇಕು. ತೇಲಿ ಕಿಟಕಿಯಿಂದ ಹೊರಗೆ ಹೋಯಿತು. ಹಿತ್ತಿಲ ಕಡೆಗೆ. ಗೋಡೆಯ ಕಡೆಗೆ. ಬಾಯಲ್ಲಿದ್ದ ನೊರೆಯನ್ನು ಉಗುಳದೆ ನುಂಗಿದೆ.

ಅವತ್ತು ಸಂಜೆ ಚಪ್ಪರದ ಅವರೆಯನ್ನು ಕಾಯಿ ಕಾಯಿಯಾಗಿ ನೋಡಿದೆ. ಕೆಲವು ಕಾಯಿಗೆ ಗುಂಡುಸೂಜಿ ಚುಚ್ಚಿದಂಥ ತೂತು. ಒಂದು ತೂತಿನಲ್ಲಿ ತಲೆಯನ್ನೂ ಅರ್ಧ ಮೈಯನ್ನೂ ಒಳಗಿಟ್ಟು, ಉಳಿದ ಅರ್ಧವನ್ನು ಹೊರಗೆ ಬಿಟ್ಟುಕೊಂಡು ಒಂದು ಹುಳು ಊಟ ಮಾಡುತ್ತಿತ್ತು. ಹಸಿರು ಮಿಶ್ರಿತ ಕಂದು ಬಣ್ಣ, ಮೈತುಂಬ ಸಣ್ಣ ಮುಳ್ಳುಗೂದಲು. ಬೇರೆಯವರ ಮನೆಯ ಪಾತ್ರೆಗೆ ತಲೆ ಹಾಕಿದ ಬೆಕ್ಕಿನ ನಿರ್ಭಯ. ಮಾರ್ಟಳ್ಳಿಯ ತೊಗರಿ ಒರಗಿದ್ದ ಬದಿಯಲ್ಲೇ ತೂತು ಹೆಚ್ಚಿದ್ದವು, ಅಥವಾ ಹೆಚ್ಚಿದ್ದಂತೆ ನನಗೆ ಕಂಡವು. ಎರಡರ ನಡುವೆ ವ್ಯತ್ಯಾಸವಿದೆ ಎಂಬುದನ್ನು ಆಗ ಯೋಚಿಸಲಿಲ್ಲ. ತಲೆ ಎತ್ತಿದರೆ ಗೋಡೆಯಾಚೆ, ಹುಳುಮನೆಯ ಕಿಟಕಿಗೆ ಹೊಡೆದ ಸೊಳ್ಳೆಪರದೆಯ ಮೇಲೆ, ಹೊರಬದಿಗೆ, ಅಡ್ಡಕ್ಕೊಂದು ಉದ್ದಕ್ಕೊಂದು ಕಡ್ಡಿ. ಒಳಗೆ ಅತ್ತಿಗೆ ಸೊಪ್ಪು ಹರಡುವ ಸದ್ದು ಕೇಳುತ್ತಿತ್ತು.

ಅತ್ತಿಗೆಗೆ ಹೇಳಿಬಿಡಬಹುದಿತ್ತು. “ಅಕ್ಕಂಗೆ ಒಂದ್ ಮಾತು ಏಳ್ಬುಡಿ” ಎಂದು ಮಂಜುಳ ಹೇಳಿಯೂ ಹೇಳಿದಳು. ಆದರೆ ಎರಡು ಬೆಳೆ ಕಳೆದುಕೊಂಡವರ ಹತ್ತಿರ ಹೋಗಿ, ಗಡಿಯಿಂದ ನಾನೊಂದು ಹುಳು ತಂದು ನಿಮ್ಮ ಗೋಡೆಯ ಮೇಲೆ ಇಟ್ಟಿದ್ದೇನೆ, ಅದು ಈಗ ನಿಮ್ಮ ಕಿಟಕಿಯಲ್ಲಿ ಕೂತಿದೆ, ಅದು ಏನು ಮಾಡುತ್ತದೆಂದು ನನಗೆ ಗೊತ್ತಿಲ್ಲ ಎಂದು ಹೇಗೆ ಹೇಳಲಿ? ಖಚಿತ ಮಾಡಿಕೊಂಡು ಹೇಳೋಣ ಎಂದುಕೊಂಡೆ. ನನ್ನ ಜತೆ ಓದಿದ ಸಿದ್ದರಾಜು ಹನೂರಿನ ಕಡೆ ಕೃಷಿ ಇಲಾಖೆಯಲ್ಲಿದ್ದಾನೆ. ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿ ಫೋನು ಮಾಡಿದೆ.

“ಪ್ಲೂಮ್ ಮಾತ್ ಕಣಯ್ಯಾ, ಗರಿ ಪತಂಗ” ಎಂದ. “ಮೊಗ್ಗಿನ ಮೇಲೋ ಎಳೇ ಕಾಯಿ ಮೇಲೋ ಒಂದೊಂದೇ ಮೊಟ್ಟೆ ಇಕ್ತದೆ. ಮರಿ ಕಾಯಿ ಕೊರ್ಕಂಡು ಕಾಳು ತಿಂತದೆ. ತೊಗರಿ, ಅವರೆ ಅಂದ್ರೆ ಪ್ರಾಣ ಅದ್ಕೆ.”

“ಇಪ್ಪನೇರ್ಳೆ?”

“ತಿನ್ನಲ್ಲ.”

“ಅಕಸ್ಮಾತ್ ತಿಂದ್ರೆ?”

“ನೀನು ಅಕಸ್ಮಾತ್ ಉಲ್ಲು ತಿಂತೀಯೇನಯ್ಯಾ?”

ನಾನು ನಗಲಿಲ್ಲ. ಹುಲ್ಲು ಸಿಕ್ಕದ ಹಸು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಗೋಡೆಗೆ ಅಂಟಿಸಿದ ಪೋಸ್ಟರು ಎಳೆದು ತಿನ್ನುವುದನ್ನು ದಿನಾ ನೋಡುತ್ತೇನೆ. ಹಸುವಿನ ಆಹಾರ ಪೋಸ್ಟರು ಎಂದು ಯಾವ ಇಲಾಖೆಯವನು ಹೇಳುತ್ತಾನೆ? ಅವರೆ ಮುಗಿದ ಮೇಲೆ ಈ ಹುಳುವಿಗೆ ಹಸಿವಾದರೆ, ಗೋಡೆಯಾಚೆ ಇರುವುದು ಹಿಪ್ಪುನೇರಳೆ ಒಂದೇ. ನಾನೇ ಪರೀಕ್ಷಿಸಿ ನೋಡಬೇಕು ಎಂದು ತೀರ್ಮಾನಿಸಿದೆ.

ಉಪ್ಪಿನಕಾಯಿಯ ಗಾಜಿನ ಬಾಟಲಿಯೊಂದನ್ನು ತೊಳೆದು, ಒಣಗಿಸಿ, ಮೂಸಿ ನೋಡಿ, ಇನ್ನೊಮ್ಮೆ ತೊಳೆದೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಣ್ಣನ ತೋಟದ ಅಂಚಿಗೆ ಸ್ಕೂಟರು ನಿಲ್ಲಿಸಿ, ಆಚೀಚೆ ನೋಡಿ, ಒಂದು ಹಿಪ್ಪುನೇರಳೆ ಎಲೆ ಕಿತ್ತುಕೊಂಡೆ. ನಲವತ್ತೆಂಟು ವರ್ಷದ ನೌಕರ ಒಂದು ಎಲೆ ಕದ್ದು ಟಿಫಿನ್ ಚೀಲದಲ್ಲಿಟ್ಟುಕೊಂಡು ಕಚೇರಿಗೆ ಹೋದ. ಸಂಜೆ ಚಪ್ಪರದಲ್ಲಿ ಹುಡುಕಿ, ಕಾಯಿಯ ಹೊರಮೈಗೆ ಅಂಟಿಕೊಂಡಿದ್ದ ಕಂದು ಬಣ್ಣದ, ಮುಳ್ಳುಗೂದಲಿನ ಹುಳುವೊಂದನ್ನು ಕಾಯಿಯ ಸಿಪ್ಪೆಯ ಸಮೇತ ಕತ್ತರಿಸಿ ಬಾಟಲಿಗೆ ಬಿಟ್ಟೆ. ಎಲೆಯನ್ನು ಅದರ ಬಾಯಿಗೇ ತಾಗುವಂತೆ ಇಟ್ಟೆ. ಮೇಲೆ ಬಟ್ಟೆ ಕಟ್ಟಿದೆ. ಹುಳು ಎಲೆ ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆಯೂ ಮುಟ್ಟಲಿಲ್ಲ. ಅಲುಗಾಡಲೂ ಇಲ್ಲ. ನನಗೆ ಆದ ನೆಮ್ಮದಿ ಅಷ್ಟಿಷ್ಟಲ್ಲ. ಆ ದಿನ ಕಚೇರಿಯಲ್ಲಿ ಒಂದು ಲಕೋಟೆಯನ್ನು ಒಂದೇ ಸಲ ಅಂಟಿಸಿ ಕಳಿಸಿದೆ.

ನೆಮ್ಮದಿಯನ್ನು ಹಾಳು ಮಾಡಿದವಳು ಮಂಜುಳ. ಬಾಟಲಿ ಎತ್ತಿ ಬೆಳಕಿಗೆ ಹಿಡಿದು, “ಇದು ಒಲ್ಲೆ ಅಂತ ಕೂತಿಲ್ಲ ಕಣ್ರೀ. ಜ್ವರಕ್ಕೆ ಕೂತದೆ” ಎಂದಳು. ಅವಳ ತವರಿನಲ್ಲೂ ಹುಳು ಸಾಕುತ್ತಾರೆ. ನೋಡಿದೆ. ಹೌದು. ಮೈ ಬಿಗಿದುಕೊಂಡಿದೆ, ಅಲುಗಾಟವಿಲ್ಲ, ಊಟವಿಲ್ಲ. ಜ್ವರಕ್ಕೆ ಕೂತ ಹುಳು ಎದ್ದ ಮೇಲೆ ಏನು ಮಾಡುತ್ತದೆ ಎಂಬುದು ಮಧುವನಹಳ್ಳಿಯಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂದರೆ ಇದು ಬೇಡವೆಂದದ್ದಲ್ಲ, ಹಸಿವನ್ನು ಕೂಡಿಡುತ್ತಿದೆ. ಅಲ್ಲಿಂದ ನಾನು ಬಾಟಲಿಯ ಕಾವಲಿಗೆ ಕೂತೆ. ಎಲೆ ಬಾಡಿದರೆ ಮತ್ತೊಂದು ಕದ್ದು ತಂದೆ. ಎದ್ದೊಡನೆ ಮೊದಲ ಬಾಯಿ ಯಾವುದಕ್ಕೆ ಹಾಕುತ್ತದೋ ಅದೇ ತೀರ್ಪು. ಆಚೆಗೆ ಅತ್ತಿಗೆಯ ಹುಳುವೂ ನಾಲ್ಕನೇ ಜ್ವರಕ್ಕೆ ಕೂತಿತ್ತು. ಗೋಡೆಯ ಎರಡು ಕಡೆಯೂ ನಾವು ಜ್ವರ ಕಾಯುತ್ತಿದ್ದೆವು. ವ್ಯತ್ಯಾಸವೆಂದರೆ ಅವರು ಏಳಲಿ ಎಂದು ಕಾಯುತ್ತಿದ್ದರು, ನಾನು ಏಳದಿರಲಿ ಎಂದು.

ಅವರ ಹುಳು ಎದ್ದಿತು. ನನ್ನದು ಎದ್ದದ್ದು ಮಾರನೆಯ ಬೆಳಿಗ್ಗೆ. ಬಾಟಲಿಯ ಗಾಜಿಗೆ ಅಡ್ಡಕ್ಕೊಂದು ಉದ್ದಕ್ಕೊಂದು ಕಡ್ಡಿ ಅಂಟಿಕೊಂಡಿತ್ತು. ಕೆಳಗೆ, ಸಿಪ್ಪೆಯ ಮೇಲೆ, ನಾನು ಕಾವಲು ಕಾದ ಹುಳು ಬೆನ್ನು ಬಿರಿದು ಖಾಲಿಯಾಗಿತ್ತು. ಸಿದ್ದರಾಜುವಿಗೆ ಫೋನು ಮಾಡಿದರೆ ಅವನು ನಗುವುದನ್ನು ನಿಲ್ಲಿಸುವ ತನಕ ನಾನು ಕಾಯಬೇಕಾಯಿತು. “ಅದು ಕೋಶ ಕಣಯ್ಯಾ, ಹುಳ ಪತಂಗ ಆಗೋಕ್ ಮುಂಚಿಂದು. ಈ ಜಾತೀದು ಕೋಶ ಆದ್ಮೇಲೂ ಮೈಮೇಲೆ ಅದೇ ಥರ ಕೂದ್ಲಿರ್ತದೆ, ಹುಳದಂಗೇ ಕಾಣ್ತದೆ. ಕೋಶಕ್ಕೆ ಬಾಯೇ ಇಲ್ಲ, ನೀನು ಊಟ ಬಡಿಸ್ಕಂಡು ಕೂತಿದ್ಯಲ್ಲಪ್ಪ!” ಬಾಯಿಲ್ಲದ ಜೀವಿಯೊಂದು ಹಿಪ್ಪುನೇರಳೆ ತಿನ್ನಲಿಲ್ಲ ಎಂಬುದನ್ನು ನಾನು ಇಷ್ಟು ದಿನ ಎಚ್ಚರಿಕೆಯಿಂದ ಸಾಬೀತು ಮಾಡಿದ್ದೆ.

ಎರಡನೇ ಸಲ ನಡೆದಾಡುವ ಹುಳುವನ್ನೇ ಹಿಡಿದೆ. ಕಡ್ಡಿಯಿಂದ ಮುಟ್ಟಿ, ಸರಿಯುತ್ತದೆ ಎಂದು ಖಾತ್ರಿ ಮಾಡಿಕೊಂಡೆ. ಬಾಟಲಿಯ ಒಂದು ಬದಿಗೆ ಹಿಪ್ಪುನೇರಳೆ ಎಲೆ, ಇನ್ನೊಂದು ಬದಿಗೆ ಅವರೆಕಾಯಿಯ ತುಂಡು. ಅದು ಹಿಪ್ಪುನೇರಳೆಯ ಮೇಲೆ ಹತ್ತಿತು. ನಾನು ಮೂಗು ಗಾಜಿಗೆ ತಾಗುವಷ್ಟು ಬಗ್ಗಿದೆ. ಎಲೆಯ ಅಂಚಿನುದ್ದಕ್ಕೂ ನಡೆಯಿತು, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸಿತು, ಇಳಿಯಿತು. ಮತ್ತೆ ಹತ್ತಿತು, ಮತ್ತೆ ಇಳಿಯಿತು. ತಿಂಡಿಯಿಲ್ಲದ ಹೋಟೆಲಿಗೆ ಹೊಕ್ಕು ಹೊರಟವರ ಹಾಗೆ. ಕೊನೆಗೆ ಅವರೆಯನ್ನು ತಲುಪಿ ಒಂದು ಜಾಗ ಹುಡುಕಿ ಕೊರೆಯತೊಡಗಿತು; ಮಧ್ಯಾಹ್ನದ ಹೊತ್ತಿಗೆ ತಲೆ ಒಳಗೆ ಹೋಗಿತ್ತು. ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದು ಕಚ್ಚೂ ಇರಲಿಲ್ಲ. ಇದು ಭಾನುವಾರ. ಊಟಕ್ಕೆ ಕೂತಾಗ ನಾನು ಬಹಳ ಸಂತೋಷವಾಗಿದ್ದೆ. ಮಜ್ಜಿಗೆಯ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ತಿನ್ನುವುದಿಲ್ಲ, ಸರಿ. ಆದರೆ ಕಿಟಕಿಯ ಪರದೆಯ ಮೇಲೆ ಕೂರುತ್ತದಲ್ಲ? ಆ ಉದ್ದುದ್ದ ಕಾಲಿನಲ್ಲಿ ಎಲ್ಲಿಂದಲೋ ಏನನ್ನಾದರೂ ಹೊತ್ತು ತಂದರೆ? ಹಾಲುತೊಂಡೆ ಹೇಗೆ ಬರುತ್ತದೆಂದು ಯಾರು ಕಂಡವರು? ಹಿಂದಿನ ಎರಡು ಬೆಳೆ ಹೋದಾಗ ನಾನು ಮಾರ್ಟಳ್ಳಿಯಿಂದ ಏನನ್ನೂ ತಂದಿರಲಿಲ್ಲ ಎಂಬ ಸರಳ ಸಂಗತಿ ತಲೆಗೆ ಹೊಳೆಯಲೇ ಇಲ್ಲ. ಈ ಸಂತತಿಯೇ ಇಲ್ಲಿ ಇರಬಾರದು ಎಂದು ನಿರ್ಧರಿಸಿ ಕೊಳ್ಳೇಗಾಲಕ್ಕೆ ಹೊರಟೆ.

ಕೊಳ್ಳೇಗಾಲದಲ್ಲಿ ಔಷಧಿ ಅಂಗಡಿಯವರು ಯಾವ ಬೆಳೆ ಎಂದು ಕೇಳಿದ ಮೇಲೆ ಕೇಳುವ ಎರಡನೇ ಪ್ರಶ್ನೆ ಒಂದೇ. “ಅಕ್ಕಪಕ್ಕ ರೇಷ್ಮೆ ಉಳ ಅವ್ಯಾ ಸಾ?”

“ಅವೆ. ಆದ್ರೆ ಮಧ್ಯ ಗೋಡೆ ಅದೆ.”

“ಗೋಡೆ ಅಂದ್ರೆ ಗಾಳಿ ನಿಂತ್ಕತದಾ ಸಾ? ನಿಮ್ಗೆ ಕೊಡಕ್ಕಿಲ್ಲ ಓಗಿ.”

ನಾನು ಅಲ್ಲಿಯೇ ನಿಂತೆ. ಅವನಿಗೆ ಕನಿಕರ ಬಂದಿರಬೇಕು; ನಾನು ಕನಿಕರ ಹುಟ್ಟಿಸುವ ಹಾಗೆಯೇ ನಿಲ್ಲುತ್ತೇನೆ. ಬೇವಿನೆಣ್ಣೆಯ ಒಂದು ಸಣ್ಣ ಬಾಟಲಿ ತೆಗೆದು, “ಇದ ತಕಂಡೋಗಿ. ಉಳದ ಸೊಪ್ಗೆ ಮಾತ್ರ ಸೋಕಿಸ್ಬ್ಯಾಡಿ” ಎಂದ. ಬೇವು ತಾನೆ ಎಂದುಕೊಂಡೆ. ಯುಗಾದಿಗೆ ನಾವೇ ತಿನ್ನುತ್ತೇವೆ. ಮೈಯಲ್ಲಿ ಅಮ್ಮ ಎದ್ದರೆ ಹಾಸಿಗೆಗೆ ಹಾಸುತ್ತೇವೆ. ಜಗತ್ತಿನಲ್ಲಿ ಬೇವಿಗಿಂತ ಸಾಧು ವಸ್ತು ಇನ್ನೊಂದಿಲ್ಲ ಎಂಬ ನಂಬಿಕೆಯಿಂದ ಮನೆಗೆ ಬಂದೆ.

ಎಷ್ಟು ಎಚ್ಚರಿಕೆ ವಹಿಸಿದೆನೆಂದು ಹೇಳಿದರೆ ನೀವೂ ನನ್ನನ್ನು ಕ್ಷಮಿಸಬಹುದು. ಬಾಟಲಿಯ ಮೇಲಿನ ಅಕ್ಷರಗಳನ್ನೆಲ್ಲ ಓದಿದೆ. ಎಣ್ಣೆ ನೀರಿನಲ್ಲಿ ಬೆರೆಯಲಿ ಎಂದು ಸೋಪಿನ ಪುಡಿ ಕದಡಿದೆ. ಕೈಪಂಪಿಗೆ ಸೋಸಿ ತುಂಬಿದೆ. ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು ಗಾಳಿ ನೋಡಿದೆ, ಗಾಳಿ ಇರಲಿಲ್ಲ. ಗೋಡೆಗೆ ಬೆನ್ನು ಮಾಡಿ ನಿಂತು, ಚಪ್ಪರದ ಮೇಲುಗಡೆಗೆ ಒಂದು ಸಲ, ಒಂದೇ ಸಲ, ಪಂಪು ಒತ್ತಿದೆ. ಸಣ್ಣ ಹನಿಗಳು ಮೋಡದ ಹಾಗೆ ಎದ್ದು ಬಿಸಿಲಿನಲ್ಲಿ ಮಿನುಗಿದವು. ಚೆನ್ನಾಗಿ ಕಾಣುತ್ತಿತ್ತು. ಆ ಮೋಡ ಕೆಳಗೆ ಇಳಿಯಲಿಲ್ಲ. ಒಂದು ಕ್ಷಣ ನಿಂತು, ಆಮೇಲೆ ಯಾರೋ ಕರೆದಂತೆ ನಿಧಾನವಾಗಿ ನನ್ನ ತಲೆಯ ಮೇಲೆ ಹಾಯ್ದು ಗೋಡೆ ದಾಟಿತು. ನಾನು ತಿರುಗಿ ನೋಡಿದೆ. ಗೋಡೆಯ ಆಚೆ, ನೆರಳಿನಲ್ಲಿ, ಸಂಜೆಯ ಊಟಕ್ಕೆಂದು ಕೊಯ್ದು ತಂದ ಹಿಪ್ಪುನೇರಳೆ ಕಡ್ಡಿಯ ರಾಶಿ ಇತ್ತು. ಅದರ ಮೇಲೆ ಹೊದಿಸಿದ ಒದ್ದೆ ಗೋಣಿ ಒಂದು ಕಡೆ ಸರಿದಿತ್ತು.

ಹುಳುಮನೆಯ ಒಳಗಿನಿಂದ ಅತ್ತಿಗೆಯ ಕೂಗು ಕೇಳಿತು. “ಯಾರ್ಲಾ ಅದು ಬೇವಿನೆಣ್ಣೆ ತಗ್ದೋರು!” ಎರಡು ಹೆಜ್ಜೆಗೆ ಹೊರಗೆ ಬಂದರು. ಪಂಪು ಹಿಡಿದ ನನ್ನನ್ನು ನೋಡಿದರು, ರಾಶಿಯನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಗುರಪ್ಪ, ಎಷ್ಟೊತ್ತಾಯ್ತು?” ಎಂದರು. “ಈಗ, ಒಂದೇ ಸಲ” ಎಂದೆ. “ಬೇವು ಸೋಕಿದ ಸೊಪ್ಪ ಉಳ ಮೂಸಕ್ಕಿಲ್ಲ ಕಣಪ್ಪ. ಮೂಸ್ದೆ ಉಪಾಸ ಸಾಯ್ತವೆ, ಇಲ್ಲ ತಿಂದು ಸಾಯ್ತವೆ. ಬೆಳಿಗ್ಗೆ ಏನ ತಿನ್ಸಿದ್ನೋ ಅದೇ ಒಟ್ಟೆಲಿರದು” ಎಂದು ಹೇಳಿ, ಅಣ್ಣನನ್ನು ಕೂಗಿದರು. ಅಣ್ಣ ಬಂದ. ಇಬ್ಬರೂ ಆ ರಾಶಿಯನ್ನು ಅಷ್ಟೂ ಎತ್ತಿ ಹಸುವಿನ ಮುಂದೆ ಎಸೆದರು. ತೋಟದ ದೂರದ ಮೂಲೆಗೆ ಹೋಗಿ ಹೊಸ ಕಡ್ಡಿ ಕೊಯ್ಯತೊಡಗಿದರು. ನಾನೂ ಬರುತ್ತೇನೆ ಎಂದು ಗೋಡೆಯ ಮೇಲೆ ಕೈ ಊರಿದೆ. “ಲೇ ಗುರು, ನೀನು ಎಲ್ಲಿ ನಿಂತಿದ್ದಯೋ ಅಲ್ಲೇ ನಿಂತ್ಕೋ. ಆ ಕೈಯಲ್ಲಿ ಏನ್ನೂ ಮುಟ್ಬ್ಯಾಡ” ಎಂದ ಅಣ್ಣ. ನಾನು ಅಲ್ಲೇ ನಿಂತೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೈಯಿಂದ ದೂರ ಹಿಡಿದುಕೊಂಡು, ಅವರು ಕೊಯ್ದು ಮುಗಿಸುವ ತನಕ ಎರಡೂ ಕೈ ಅಗಲಿಸಿ ನಿಂತಿದ್ದೆ. ಮಂಜುಳ ಆಮೇಲೆ ಹೇಳಿದ ಪ್ರಕಾರ, ದೂರದಿಂದ ನಾನು ಥೇಟ್ ಬಚ್ಚಲ ಗೋಡೆಯ ಆ ಪತಂಗದ ಹಾಗೆಯೇ ಕಾಣುತ್ತಿದ್ದೆನಂತೆ.

ಹೊಸ ಸೊಪ್ಪು ಹುಳುಮನೆಗೆ ಹೋದಾಗ ಸಂಜೆ ಕಳೆಯುತ್ತ ಬಂದಿತ್ತು. ಹೊತ್ತು ಮೀರಿತ್ತು. ಅತ್ತಿಗೆ ಸೊಪ್ಪು ಹರಡಿ ಬಂದು ಬಾಗಿಲ ಹೊರಗೆ, ಕಿವಿ ಬಾಗಿಲ ಕಡೆಗೆ ಮಾಡಿ ನಿಂತರು. ಅಣ್ಣ ತೂಬಿನ ಕಲ್ಲಿನ ಮೇಲೆ ಕೂತ. ಗೋಡೆಯ ಈಚೆ ನಾನೂ ಮಂಜುಳನೂ. ಆ ಹಂತದ ಹುಳುವಿಗೆ ಸೊಪ್ಪು ಹಾಕಿದರೆ ತಿನ್ನುವ ಸದ್ದು ಕೇಳುತ್ತದೆ. ಒಣಗಿದ ಬಾಳೆಲೆಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ನಾನು ಚಿಕ್ಕಂದಿನಿಂದ ಕೇಳಿದ ಸದ್ದು, ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಅವತ್ತು ಅದು ಬರಲಿಲ್ಲ. ರಸ್ತೆಯಲ್ಲಿ ಟ್ರಾಕ್ಟರು ಹೋಯಿತು. ಎಲ್ಲೋ ಕುಕ್ಕರು ಕೂಗಿತು. ಅರಿಶಿಣದ ತೋಟ ನನ್ನ ಕಣ್ಣೆದುರು ಎಲೆ ಎಲೆಯಾಗಿ ಬೆಳೆಯುತ್ತಿತ್ತು. ಅತ್ತಿಗೆ ಕೈ ಎತ್ತಿದರು, ಸುಮ್ಮನಿರಿ ಎನ್ನುವಂತೆ. ಯಾರೂ ಸದ್ದು ಮಾಡುತ್ತಿರಲಿಲ್ಲ. “ಬತ್ತಾ ಅದೆ” ಎಂದರು. ನನಗೆ ಕೇಳಲಿಲ್ಲ. ಆಮೇಲೆ ನನಗೂ ಕೇಳಿತು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಇಡೀ ಹುಳುಮನೆಯಲ್ಲಿ ಮಳೆ ಹಿಡಿಯಿತು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, “ಮಂಜಿ, ನಿನ್ ಗಂಡನ್ ಕೈಯ ತೊಳ್ಸವ್ವ” ಎಂದು ಒಳಗೆ ಹೋದರು.

ಎಲ್ಲವನ್ನೂ ಅಲ್ಲೇ ಅಣ್ಣನಿಗೆ ಹೇಳಿಬಿಟ್ಟೆ. ಮಾರ್ಟಳ್ಳಿಯ ತೊಗರಿ, ಬಚ್ಚಲ ಪತಂಗ, ಬಾಟಲಿ, ಕೋಶ, ಕದ್ದ ಎಲೆಗಳ ಲೆಕ್ಕ. ಅಣ್ಣ ಪೂರ್ತಿ ಕೇಳಿಸಿಕೊಂಡ. “ಲೇ, ಅದು ವರ್ಷೊರ್ಷ ಇರ್ತದೆ ಕಣ್ಲಾ. ಅವರೆ ಎಲ್ಲದೋ ಅಲ್ಲಿ ಅದೂ ಇರ್ತದೆ. ನಮ್ಮವ್ವ ಕಾಯಿ ಸುಲೀವಾಗ ತೂತಿರೋದ ಕೋಳಿಗೆ ಎಸೀತಿರ್ಲಿಲ್ವಾ? ಮಾರ್ಟಳ್ಳಿಯಿಂದ ಬಸ್ಸಲ್ಲಿ ಟಿಕೆಟ್ ತಗಂಡು ಬಂದ್ಬುಡ್ತಾ ಅದು?” ಎಂದ. ಅಮ್ಮ ಎಸೆಯುತ್ತಿದ್ದದ್ದು ನನಗೂ ನೆನಪಾಯಿತು. ಅದೇ ಕಾಯಿ, ಅದೇ ತೂತು. ನಾನು ಅದನ್ನು ಅಷ್ಟು ವರ್ಷ ನೋಡಿಯೂ ನೋಡಿರಲಿಲ್ಲ.

ಹುಳು ಹಣ್ಣಾದವು, ಚಂದ್ರಿಕೆಗೆ ಹತ್ತಿದವು. ಬಿದಿರಿನ ಆ ದೊಡ್ಡ ತಟ್ಟಿಗಳ ತುಂಬ ಹಳದಿ ಗೂಡು ಕಟ್ಟಿದವು. ಗೂಡು ಮಾರಿ ಬಂದ ಅಣ್ಣ ಅರಿಶಿಣದ ಮಾತೆತ್ತಲಿಲ್ಲ. ಹೊಸ ಹುಳುವಿಗೆ ಹೇಳಿ ಬಂದಿದ್ದೇನೆ ಎಂದಷ್ಟೇ ಹೇಳಿದ. ಊರಿನವರು ಈ ಸಲ ಹೇಗೆ ಇಷ್ಟು ಚೆನ್ನಾಗಿ ಬಂತೆಂದು ವಿಚಾರಿಸಿದರೆ ಅತ್ತಿಗೆ, ಸುಣ್ಣ ಹೊಡೆದದ್ದನ್ನು ಹೇಳುತ್ತಾರೆ, ಸೊಪ್ಪಿಗೆ ಗೊಬ್ಬರ ಕೊಟ್ಟದ್ದನ್ನು ಹೇಳುತ್ತಾರೆ, ಕೊನೆಗೆ, “ನಮ್ ಮೈದ ಕೊನೇ ಮೂರ್ ದಿನ ಇತ್ಲಾಗೆ ತಲೆನೇ ಆಕ್ಲಿಲ್ಲ ಕಣವ್ವ” ಎಂದು ಸೇರಿಸುತ್ತಾರೆ. ಕೇಳಿದವರು ತಲೆದೂಗುತ್ತಾರೆ.

ಅಂದಿನಿಂದ ಒಂದು ಪದ್ಧತಿ ಬಂದಿದೆ. ಹುಳು ನಾಲ್ಕನೇ ಜ್ವರ ಎದ್ದ ದಿನ ನಾನು ಚೀಲ ಹಿಡಿದು ಮಾರ್ಟಳ್ಳಿಯ ತಂಗಿಯ ಮನೆಗೆ ಹೊರಡಬೇಕು, ಗೂಡು ಕಟ್ಟಿದ ಮೇಲೆ ಹಿಂದಿರುಗಬೇಕು. ಬಲವಂತವಿಲ್ಲ, ಮಂಜುಳ ಚೀಲ ತುಂಬಿ ಬಾಗಿಲಲ್ಲಿ ಇಟ್ಟಿರುತ್ತಾಳೆ. ಮೊದಲ ಸಲ ಗಳಿಕೆ ರಜೆಯ ಅರ್ಜಿಯಲ್ಲಿ ಏನು ಕಾರಣ ಬರೆಯಬೇಕೆಂದು ಬಹಳ ಯೋಚಿಸಿ, ಸುಳ್ಳು ಬರೆಯಲು ಹೆದರಿ, ‘ಮನೆಯ ಪಕ್ಕದಲ್ಲಿ ರೇಷ್ಮೆ ಹುಳು ಹಣ್ಣಾಗುತ್ತಿರುವ ಪ್ರಯುಕ್ತ’ ಎಂದೇ ಬರೆದೆ. ಸೂಪರಿಂಟೆಂಡೆಂಟರ ಮನೆಯಲ್ಲೂ ಹುಳುವಿದೆ. ಅವರು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಒಳ್ಳೇ ಕೆಲ್ಸ ಮಾಡ್ದೆ ಕಣಯ್ಯ” ಎಂದು ಸಹಿ ಹಾಕಿದರು.

ಇದನ್ನು ಬರೆಯುತ್ತಿರುವುದು ಮಾರ್ಟಳ್ಳಿಯಲ್ಲಿ, ತಂಗಿಯ ಮನೆಯ ಜಗಲಿಯಲ್ಲಿ. ಇದು ನನ್ನ ಮೂರನೇ ವಾಸ. ಈಗ ತಾನೆ ಅತ್ತಿಗೆ ಫೋನು ಮಾಡಿದ್ದರು. ಹುಳುವೆಲ್ಲ ಚಂದ್ರಿಕೆಗೆ ಹತ್ತಿ ಗೂಡಿನೊಳಗೆ ಸೇರಿಕೊಂಡಿವೆಯಂತೆ. ಹಾಗಾದರೆ ನಾಳೆ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ ಎಂದೆ.

“ಇನ್ನೆರಡ್ ದಿನ ಅಲ್ಲೇ ಇದ್ಬುಡು ಗುರಪ್ಪ.”

“ಅತ್ಗೆ, ಗೂಡೊಳಿಕ್ಕೆ ಸೇರ್ಕಂಡ್ ಮೇಲೆ ನನ್ನಿಂದ ಏನು ತೊಂದ್ರೆ ಆದಾತು?”

“ಗೊತ್ತಿಲ್ಲ ಕಣಪ್ಪ. ಗೊತ್ತಿಲ್ಲ ಅಂತ್ಲೇ ಏಳ್ತಾ ಇರದು” ಎಂದರು.

ಆ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ನಾಲ್ಕು ದಿನ ಎನ್ನುತ್ತಿದ್ದೆ.